ಬೀಗದ ಕೈ ಯಾರ ಬಳಿ ಇದೆ?



ಕಳೆದ ತಿಂಗಳು ನನ್ನ ತಮ್ಮನ ಮಗ ಬೆಂಗಳೂರಿನಿಂದ ದೂರವಾಣಿ ಮಾಡಿ, "ದೊಡ್ಡಪ್ಪ, ನಮ್ಮ ಮನೆತನದವರಿಗೆ ಮಾತ್ರವೇ ಸೀಮಿತವಾದ ಒಂದು ಖಾಸಗಿ ತಾಣವನ್ನು ಅಂತರಜಾಲದಲ್ಲಿ ಮಾಡಬೇಕೆಂದಿದ್ದೇನೆ. ಹಳೆಯ ಫೋಟೋಗಳು, ಪತ್ರಗಳು, ಧ್ವನಿಮುದ್ರಣಗಳು ಎಲ್ಲವನ್ನೂ ಅಲ್ಲಿ ಇಡಬಹುದು. ಕರೆಯದವರು ಒಳಗೆ ಬರಲಾರರು. ನಿಮ್ಮ ಅಭಿಪ್ರಾಯವೇನು?" ಎಂದು ಕೇಳಿದನು. ಆಲೋಚಿಸಿ ತಿಳಿಸುತ್ತೇನೆ ಎಂದೆ. ಅವನಿಗೆ ಹೇಳಬೇಕಾದುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ಇಂದಲ್ಲದಿದ್ದರೆ ನಾಳೆ ನಿಮ್ಮ ಮನೆಗಳಲ್ಲಿಯೂ ಏಳತಕ್ಕದ್ದೇ. ಅಲ್ಲದೆ, ಇದೇ ಕೆಲಸವನ್ನು ಅವನ ತಂದೆ, ಅಂದರೆ ನನ್ನ ತಮ್ಮ, ಹಿಂದೊಮ್ಮೆ ಬಹಳ ಶ್ರದ್ಧೆಯಿಂದ ಮಾಡಿದ್ದನು. ಅದರ ಗತಿ ಏನಾಯಿತೆಂಬುದು ನಮ್ಮ ಮನೆಯವರಲ್ಲೇ ಅನೇಕರಿಗೆ ಪೂರ್ತಿಯಾಗಿ ತಿಳಿದಿಲ್ಲ.

ನಮ್ಮ ಮೂಲ ಮನೆ ಸಾಗರ ತಾಲ್ಲೂಕಿನ ಶರಾವತಿ ಕಣಿವೆಯಲ್ಲಿತ್ತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಅದು ಮುಳುಗಿತು. ಅದಕ್ಕೂ ಹಿಂದೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಅದೇ ನೀರಿನೊಳಗೆ ಹೋಯಿತು. ಬೇಸಿಗೆಯಲ್ಲಿ ನೀರು ಬಹಳ ಇಳಿದ ವರ್ಷಗಳಲ್ಲಿ ಆ ಹಳೆಯ ಕಟ್ಟೆ ಈಗಲೂ ಕಾಣಿಸಿಕೊಳ್ಳುತ್ತದೆ. ಮಣ್ಣಿನ ಗೋಡೆಯ ನಮ್ಮ ಮನೆ ಕಾಣಿಸಿಕೊಳ್ಳುವುದು ಸಾಧ್ಯವಿಲ್ಲ. ನಾವು ಊರು ಬಿಟ್ಟಾಗ ನನಗೆ ಹನ್ನೆರಡು ವರ್ಷ, ತಮ್ಮನಿಗೆ ಆರು. ಸ್ವಂತ ಊರಿಗೆ ಹೋಗಿ ಹಳೆಯ ಬಾಗಿಲನ್ನು ಮುಟ್ಟಿ ಬರುವ ಅವಕಾಶವಿರುವವರಿಗೆ ನೆನಪು ಒಂದು ಸಂತೋಷ. ನಮ್ಮಂಥ ಮುಳುಗಡೆಯವರಿಗೆ ಉಳಿದಿರುವ ಆಸ್ತಿಯೇ ಅದು.

ತಮ್ಮ 2007ರಲ್ಲಿ ಒಂದು ವಿದೇಶೀ ಸಂಸ್ಥೆಯ ಸೇವೆಯನ್ನು ಪಡೆದು, ವರ್ಷಕ್ಕಿಷ್ಟೆಂದು ಶುಲ್ಕ ತೆತ್ತು, ನಮ್ಮ ಮನೆತನದ ಖಾಸಗಿ ತಾಣವೊಂದನ್ನು ತೆರೆದನು. ಸಾಗರ, ಶಿರಸಿ, ಮುಂಬಯಿ, ಅಮೆರಿಕ ಎಂದು ಚದುರಿಹೋಗಿದ್ದ ಹದಿನಾಲ್ಕು ಮನೆಗಳವರು ಅದರ ಸದಸ್ಯರಾದರು. 2010ರಲ್ಲಿ ಅವನು ಅಮ್ಮನನ್ನು ಎದುರಿಗೆ ಕೂರಿಸಿಕೊಂಡು ನಲವತ್ತು ನಿಮಿಷಗಳ ಧ್ವನಿಮುದ್ರಣ ಮಾಡಿದನು. ನಾನೂ ಅಲ್ಲಿದ್ದೆ. ಮುಳುಗಿದ ಮನೆಯನ್ನು ಅಮ್ಮ ಜಗುಲಿಯಿಂದ ಆರಂಭಿಸಿ ಒಳಮನೆ, ಅಡುಗೆಮನೆ, ಬಚ್ಚಲು, ಅಟ್ಟ, ಕೊಟ್ಟಿಗೆಗಳವರೆಗೆ ನಮ್ಮನ್ನು ಕರೆದೊಯ್ದು ತೋರಿಸುವವಳಂತೆ ವರ್ಣಿಸಿದಳು. ಗುಡ್ಡದಿಂದ ಅಬ್ಬಿಯ ನೀರು ಯಾವ ಮೂಲೆಗೆ ಬಂದು ಬೀಳುತ್ತಿತ್ತು, ಅಡಕೆ ಸುಲಿಯಲು ಬರುತ್ತಿದ್ದವರು ಯಾರು ಯಾರು ಎಂಬುದೂ ಅದರಲ್ಲಿತ್ತು. ನಮಗೆಲ್ಲ ಹಿರಿಯಳಾಗಿ ಹುಟ್ಟಿ ಮೂರು ತಿಂಗಳಿಗೇ ತೀರಿಕೊಂಡ ಹೆಣ್ಣುಮಗುವಿನ ಹೆಸರನ್ನು ಅಮ್ಮ ಆ ದಿನ ಮೊದಲ ಬಾರಿಗೆ ನಮ್ಮೆದುರು ಹೇಳಿದಳು. ಹೇಳಿ, "ಇದು ಮನೆಯವರಿಗೆ ಮಾತ್ರ ಇರಲಿ" ಎಂದಳು. ತಮ್ಮ ಅದನ್ನು ಆ ತಾಣದಲ್ಲಿ ಇರಿಸಿದನು.

ಅಮ್ಮ 2013ರಲ್ಲಿ ಹೋದಳು. 2018ರಲ್ಲಿ ತಮ್ಮ ಹೃದಯಾಘಾತದಿಂದ ಹಠಾತ್ತನೆ ತೀರಿಕೊಂಡನು. ದುಃಖದ ಆ ತಿಂಗಳುಗಳಲ್ಲಿ ತಾಣದ ಯೋಚನೆ ಯಾರಿಗೂ ಬರಲಿಲ್ಲ. ಶುಲ್ಕ ಅವನ ಕಾರ್ಡಿನಿಂದ ಹೋಗುತ್ತಿತ್ತು, ಆ ಕಾರ್ಡು ನಿಂತುಹೋಯಿತು. ನೆನಪಿನೋಲೆಗಳು ಅವನ ಮಿಂಚಂಚೆಗೆ ಬರುತ್ತಿದ್ದವು, ಅದನ್ನು ತೆರೆಯುವ ಗುಪ್ತಪದ ಯಾರಿಗೂ ಗೊತ್ತಿರಲಿಲ್ಲ. ಹೊಸ ಗುಪ್ತಪದ ಪಡೆಯೋಣವೆಂದರೆ ಅದರ ಒಟಿಪಿ ಅವನ ಮೊಬೈಲಿಗೆ ಹೋಗುವುದು, ಆ ಸಂಖ್ಯೆ ಅಷ್ಟರಲ್ಲಿ ರದ್ದಾಗಿತ್ತು. ನಾವು ಹದಿಮೂರು ಮನೆಯವರು ನೋಡಬಲ್ಲವರಾಗಿದ್ದೆವು, ಒಡೆಯ ಅವನೊಬ್ಬನೇ ಆಗಿದ್ದನು. ಮರಣ ಪ್ರಮಾಣಪತ್ರ ಕಳುಹಿಸಿ ಪತ್ರವ್ಯವಹಾರ ಮಾಡಿದ್ದಾಯಿತು. ಕೊನೆಗೆ ಬಂದ ಉತ್ತರ, ಶುಲ್ಕ ನಿಂತು ಗಡುವು ಮೀರಿದ್ದರಿಂದ ನಿಯಮದಂತೆ ಎಲ್ಲವನ್ನೂ ಅಳಿಸಲಾಗಿದೆ ಎಂಬುದು. ಅವನ ಹಳೆಯ ಗಣಕಯಂತ್ರ ಅದಕ್ಕೂ ಮೊದಲೇ ಗುಜರಿಗೆ ಹೋಗಿತ್ತು.

ಫೋಟೋಗಳಲ್ಲಿ ಕೆಲವು ಅವರಿವರ ಮೊಬೈಲುಗಳಿಂದ ಮರಳಿ ದೊರೆತವು. ಅಮ್ಮನ ಧ್ವನಿ ದೊರೆಯಲಿಲ್ಲ. ಆ ಮಗುವಿನ ಹೆಸರು ನನ್ನ ನೆನಪಿನಲ್ಲಿ ಒಂದು, ಶಿರಸಿಯ ಅಕ್ಕನ ನೆನಪಿನಲ್ಲಿ ಇನ್ನೊಂದು. ನಮ್ಮಿಬ್ಬರಲ್ಲಿ ಯಾರದು ಸರಿಯೆಂದು ಹೇಳಬಲ್ಲವರು ಈಗ ಯಾರೂ ಇಲ್ಲ.

ಇದರಲ್ಲಿ ಸಂಸ್ಥೆಯನ್ನು ಮಾತ್ರ ದೂರುವುದು ನ್ಯಾಯವಲ್ಲ. ಬೀಗ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು. ಕೈ ಇಲ್ಲದವರನ್ನು ಹೊರಗಿಟ್ಟಿತು, ಆ ಹೊತ್ತಿಗೆ ಕೈ ಇಲ್ಲದವರು ನಾವೇ ಆಗಿದ್ದೆವು. ಲೆಕ್ಕದ ಪುಸ್ತಕಕ್ಕೂ ಒಂದು ಕಚ್ಚಾ ಪ್ರತಿ ಇರಲಿ ಎಂದು ಮೂವತ್ತನಾಲ್ಕು ವರ್ಷ ನಿಮಗೆ ಬೋಧಿಸಿದ ನಾನು, "ತಮ್ಮಾ, ಅಮ್ಮನ ಮಾತಿನ ಒಂದು ಪ್ರತಿ ನನಗೂ ಕೊಡು" ಎಂದು ಎಂಟು ವರ್ಷಗಳಲ್ಲಿ ಒಮ್ಮೆಯೂ ಕೇಳಲಿಲ್ಲ. ಅಲ್ಲಿ ಇದೆಯಲ್ಲ ಎಂಬ ಧೈರ್ಯವೇ ನನ್ನನ್ನು ಸೋಮಾರಿಯನ್ನಾಗಿ ಮಾಡಿತು.

ಹಾಗಾದರೆ ಖಾಸಗಿ ತಾಣವೇ ಬೇಡವೇ? ಬೇಕು ಎಂದೇ ನನ್ನ ಅಭಿಪ್ರಾಯ. ಅಮ್ಮ ಹೇಳಿದಂತೆ, ಮನೆಯವರಿಗೆ ಮಾತ್ರ ಎನ್ನುವ ಮಾತುಗಳು ಪ್ರತಿ ಮನೆಯಲ್ಲೂ ಇರುತ್ತವೆ. ಮೊಬೈಲಿನ ಗುಂಪು ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ನಮ್ಮ ಭಾವನವರು ಆಸ್ಪತ್ರೆಯಲ್ಲಿ ಮೂಗಿಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದ ಫೋಟೋವನ್ನು ಮನೆಯವರೊಬ್ಬರು ಕಳವಳದಿಂದಲೇ ಗುಂಪಿಗೆ ಹಾಕಿದರು. ಸಂಜೆಯೊಳಗೆ ಅದು ಊರಿನ ಅಂಗಡಿ ಕಟ್ಟೆಯ ಮೇಲಿತ್ತು. ವಾಟ್ಸಾಪ್‌ನಲ್ಲಿ 2016ರಿಂದ ವೈಯಕ್ತಿಕ ಸಂದೇಶಗಳಿಗೆ ಗೂಢಲಿಪಿಯ ರಕ್ಷಣೆ ಇದೆ, ದಾರಿಯಲ್ಲಿ ಯಾರೂ ಓದಲಾರರು. ಆದರೆ ಆ ರಕ್ಷಣೆ ದಾರಿಗೆ ಮಾತ್ರ. ತಲಪಿದ ಮೇಲೆ ಮುಂದಕ್ಕೆ ಕಳುಹಿಸುವ ಬೆರಳಿಗೆ ಯಾವ ಯಂತ್ರವೂ ಬೀಗ ಹಾಕಲಾರದು, ಅಲ್ಲಿ ಬೇಕಾದುದು ಸಂಯಮ. ಇದಲ್ಲದೆ, ಶುಭೋದಯದ ಹೂಗಳ ನಡುವೆ ಅಜ್ಜಿಯ ಫೋಟೋ ಹುಡುಕಿ ತೆಗೆಯುವುದು ಎಷ್ಟು ಕಷ್ಟವೆಂಬುದು ನಿಮಗೆ ಗೊತ್ತೇ ಇದೆ.

ತಾಣ ಬೇಕು, ಆದರೆ ಅದೊಂದನ್ನೇ ನಂಬಿ ಕೂರಬಾರದು. ನಿಮ್ಮಲ್ಲಿ ಅನೇಕರು ಹರೆಯದಲ್ಲಿ ಹಗಲಿರುಳು ಕುಳಿತಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಕುಟುಂಬಗಳಿಗೆಂದೇ 1998ರಲ್ಲಿ ಆರಂಭವಾಗಿದ್ದ ಅಮೆರಿಕದ ಮೈಫ್ಯಾಮಿಲಿ ಎಂಬ ಖಾಸಗಿ ತಾಣವೂ ಅದೇ 2014ರಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ, ಯಾಹೂ ಗ್ರೂಪ್ಸ್ 2020ರಲ್ಲಿ ಹೋದವು. ಎರಡು ವರ್ಷ ಯಾರೂ ತೆರೆಯದ ವೈಯಕ್ತಿಕ ಖಾತೆಯನ್ನು, ಅದರೊಳಗಿನ ಫೋಟೋಗಳ ಸಹಿತ, ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರಲ್ಲಿ ಪ್ರಕಟಿಸಿತು. ಇವು ದೊಡ್ಡ ಸಂಸ್ಥೆಗಳು. ಅವುಗಳ ಲೆಕ್ಕದಲ್ಲಿ ಎರಡು ವರ್ಷವೆಂದರೆ ದೀರ್ಘಕಾಲ. ಮನೆತನದ ಲೆಕ್ಕದಲ್ಲಿ ಎರಡು ವರ್ಷವೆಂದರೆ ಒಂದು ಮದುವೆ, ಒಂದು ನಾಮಕರಣ.

ಹಾವೇರಿ ಸೀಮೆಯ ನನ್ನ ಮೊದಲ ಶಾಲೆಯಲ್ಲಿ ಓದಿದವರಿಗೆ ಹೆಳವರು ನೆನಪಿರಬಹುದು. ಸುಗ್ಗಿಯ ಕಾಲದಲ್ಲಿ ಎತ್ತಿನ ಮೇಲೆ ಕುಳಿತು ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರಿನ ಮೇಲೆ ತಲೆಮಾರಾಗಿ ಒಪ್ಪಿಸುತ್ತಿದ್ದರು. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ಕೇಳಿ ಸೇರಿಸಿಕೊಂಡು, ಕಾಳು ಪಡೆದು ಮುಂದಿನ ಮನೆಗೆ ಹೋಗುತ್ತಿದ್ದರು. ಒಬ್ಬ ವಿದ್ಯಾರ್ಥಿಯ ಮನೆಯ ಜಗುಲಿಯಲ್ಲಿ ಕುಳಿತು ನಾನದನ್ನು ಕೇಳಿದ್ದೇನೆ. ಆ ಪದ್ಧತಿ ಬಾಳಿದ್ದು ಏಕೆ? ತಂದೆ ತನ್ನ ಮಗನಿಗೆ ಅದನ್ನು ಬದುಕಿರುವಾಗಲೇ ಕಲಿಸುತ್ತಿದ್ದನು. ಮತ್ತೆ ಮತ್ತೆ ಬಂದು ಮನೆಯವರ ಎದುರಿಗೇ ಹೇಳುತ್ತಿದ್ದುದರಿಂದ ತಪ್ಪಿದ್ದರೆ ಅಲ್ಲಿಯೇ ತಿದ್ದಬಹುದಾಗಿತ್ತು. ನಮ್ಮ ತಾಣದಲ್ಲಿ ಈ ಎರಡೂ ಇರಲಿಲ್ಲ. ತಮ್ಮ ಯಾರಿಗೂ ಕಲಿಸಲಿಲ್ಲ, ನಾವು ಯಾರೂ ಮತ್ತೆ ಹೋಗಿ ಕೇಳಲಿಲ್ಲ.

ಆದ್ದರಿಂದ ಮಗನೇ, ನಿನಗೆ ನನ್ನ ಸಲಹೆ ಇಷ್ಟು. ತಾಣ ಮಾಡು. ಅದರ ಒಡೆತನ ಇಬ್ಬರಲ್ಲಿರಲಿ, ಆ ಇಬ್ಬರು ಬೇರೆ ಬೇರೆ ಮನೆಯವರೂ ಬೇರೆ ಬೇರೆ ತಲೆಮಾರಿನವರೂ ಆಗಿರಲಿ. ಬ್ಯಾಂಕಿನ ಪಾಸ್‌ಬುಕ್ಕಿಗೆ ನಾಮಿನಿಯನ್ನು ಬರೆಸುವ ನಾವು ನೆನಪಿಗೆ ಬರೆಸುವುದಿಲ್ಲ. ಗೂಗಲ್‌ನಲ್ಲಿ 2013ರಿಂದ, ಆಪಲ್‌ನಲ್ಲಿ 2021ರಿಂದ, ನಮ್ಮ ನಂತರ ಖಾತೆಯೊಳಗಿನದು ಯಾರಿಗೆ ಸಿಗಬೇಕೆಂದು ಮೊದಲೇ ಸೂಚಿಸುವ ವ್ಯವಸ್ಥೆ ಇದೆ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 14ನೆಯ ಕಲಮಿನಲ್ಲಿಯೂ, ಮರಣಾನಂತರ ತನ್ನ ಪರವಾಗಿ ಹಕ್ಕು ಚಲಾಯಿಸಲು ಒಬ್ಬರನ್ನು ನೇಮಿಸುವ ಅವಕಾಶವನ್ನು ಬರೆದಿದ್ದಾರೆ. ಇವೆಲ್ಲವೂ ನಾವು ಬದುಕಿದ್ದಾಗ ಕೈಯಾರೆ ಮಾಡಬೇಕಾದ ಕೆಲಸಗಳು.

ವರ್ಷಕ್ಕೊಮ್ಮೆ, ದೀಪಾವಳಿಗೆ ಎಲ್ಲರೂ ಸೇರಿದಾಗ, ತಾಣದಲ್ಲಿರುವುದನ್ನೆಲ್ಲ ಹೊರಗೆ ಇಳಿಸಿ ಎರಡು ಮನೆಗಳಲ್ಲಿ ಎರಡು ಪ್ರತಿ ಇಡು. ಇಟ್ಟರೆ ಸಾಲದು, ಕಳೆದ ವರ್ಷದ ಪ್ರತಿ ತೆರೆಯುತ್ತದೆಯೇ ಎಂದು ನೋಡು. ಪ್ರತಿ ಫೋಟೋದ ಕೆಳಗೆ ಹೆಸರು, ಊರು, ವರ್ಷ ಬರೆಸು. 1962ರಲ್ಲಿ ಸಾಗರದಿಂದ ಫೋಟೋದವರನ್ನು ಕರೆಸಿ ತೆಗೆಸಿದ ನಮ್ಮ ಹಳೆಯ ಮನೆಯ ಒಂದೇ ಒಂದು ಚಿತ್ರ ನನ್ನಲ್ಲಿದೆ. ಅದರ ಬೆನ್ನಿಗೆ ತಂದೆಯವರು ಸೀಸದ ಕಡ್ಡಿಯಲ್ಲಿ ಹತ್ತೊಂಬತ್ತು ಜನರ ಹೆಸರನ್ನೂ ಸಾಲಾಗಿ ಬರೆದಿದ್ದಾರೆ. ಇಂದಿಗೂ ಅದನ್ನು ಓದಬಹುದು. ಯಾವುದೇ ಫೋಟೋ ಹಾಕುವ ಮೊದಲು ಅದರಲ್ಲಿರುವವರ ಒಪ್ಪಿಗೆ ಕೇಳು, ಮನೆಯ ಹೆಣ್ಣುಮಕ್ಕಳನ್ನೂ ಸೊಸೆಯಂದಿರನ್ನೂ ವಿಶೇಷವಾಗಿ ಕೇಳು. ಬೇಡವೆಂದರೆ ಕಾರಣ ಕೇಳಬೇಡ.

"ಎಲ್ಲವನ್ನೂ ಉಳಿಸಲೇಬೇಕೇ ದೊಡ್ಡಪ್ಪ?" ಎಂದೂ ನೀನು ಕೇಳಿದ್ದೆ. ಬೇಕಿಲ್ಲ. ಹತ್ತು ಸಾವಿರ ಚಿತ್ರಗಳನ್ನು ತುಂಬಿದರೆ ಮುಂದಿನವರು ಯಾವುದನ್ನೂ ನೋಡುವುದಿಲ್ಲ. ಒಂದು ವರ್ಷಕ್ಕೆ ಐವತ್ತು ಸಾಕು. ಮದುವೆಮನೆಯ ಊಟದ ಸಾಲನ್ನು ಬಿಟ್ಟರೂ ನಷ್ಟವಿಲ್ಲ. ವಯಸ್ಸಾದವರ ಮಾತನ್ನು ಬಿಡಬೇಡ.

ಕಳೆದ ವಾರದಿಂದ ನಾನು ಒಂದು ಇನ್ನೂರು ಪುಟದ ನೋಟುಬುಕ್ಕಿನಲ್ಲಿ, ಅಮ್ಮ ಆ ದಿನ ಹೇಳಿದ್ದರಲ್ಲಿ ನೆನಪಿರುವಷ್ಟನ್ನು ಬರೆಯತೊಡಗಿದ್ದೇನೆ. ಜಗುಲಿ, ಒಳಮನೆ ಮುಗಿದಿವೆ. ಅಟ್ಟದ ವಿಷಯಕ್ಕೆ ಬಂದಾಗ ಶಿರಸಿಯ ಅಕ್ಕನಿಗೆ ದೂರವಾಣಿ ಮಾಡಿ ಕೇಳಬೇಕಾಯಿತು. ಆ ಮಗುವಿನ ವಿಷಯ ಬರುವ ಪುಟದಲ್ಲಿ ಎರಡು ಹೆಸರುಗಳನ್ನೂ ಬರೆದು, ಒಂದು ನನ್ನ ನೆನಪು, ಒಂದು ಅಕ್ಕನ ನೆನಪು ಎಂದು ಟಿಪ್ಪಣಿ ಹಾಕಿದ್ದೇನೆ. ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ, ಅಮ್ಮನಿಗೆ ಕೊಟ್ಟ ಮಾತಿದೆ. ತಮ್ಮನ ಮಗ ಹೊಸ ತಾಣ ಮಾಡಿದ ಮೇಲೆ ಆ ಪುಟವನ್ನು ಅಲ್ಲಿ ಇರಿಸುವನು. ನೋಟುಬುಕ್ಕು ನನ್ನ ಕಪಾಟಿನ ಎರಡನೆಯ ಖಾನೆಯಲ್ಲಿದೆ. ಕಪಾಟಿನ ಕೈ ಎಲ್ಲಿದೆಯೆಂದು ಸೊಸೆಗೂ ಮೊಮ್ಮಗಳಿಗೂ ಹೇಳಿದ್ದೇನೆ.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಬರುವ ಭಾನುವಾರ ಹಳೆಯ ಫೋಟೋವೊಂದನ್ನು ಅವರ ಕೈಗಿತ್ತು, ಇದರಲ್ಲಿರುವವರು ಯಾರು ಯಾರು ಎಂದು ಕೇಳಿ ಬರೆದುಕೊಳ್ಳಿರಿ. ಗಣಕಯಂತ್ರಕ್ಕೆ ಆಮೇಲೆ ಏರಿಸಬಹುದು.

ಎಲ್ಲರಿಗೂ ಶುಭವಾಗಲಿ.