ಊರ ಹೆಸರೂ ಅನ್ಯರ ನಾಲಗೆಯೂ

2014ನೆಯ ನವೆಂಬರ್ 1ರಿಂದ ಬೆಂಗಳೂರು, ಬಳ್ಳಾರಿ, ಹೊಸಪೇಟೆ ಮೊದಲಾದ 12 ಊರುಗಳ ಹೆಸರನ್ನು ಇಂಗ್ಲಿಷಿನಲ್ಲಿಯೂ ಕನ್ನಡದಂತೆಯೇ ಬರೆಯತಕ್ಕದ್ದೆಂದು ಸರಕಾರವು ವಿಧಿಸಿದುದನ್ನು ಭಾಷೆಯ ದಿಗ್ವಿಜಯವೆಂದು ಕೊಂಡಾಡುವವರು ಇಂದಿಗೂ ಉಂಟು. ನಮಗೆ ಅದು ಸಮ್ಮತವಲ್ಲ. ಇಟಲಿಯವರ ಫಿರೆಂಜೆಯು ಇಂಗ್ಲಿಷರಿಗೆ ಫ್ಲಾರೆನ್ಸ್. ಆಸ್ಟ್ರಿಯದವರ ವೀನ್ ನಗರವು ಇಂಗ್ಲಿಷರಿಗೆ ವಿಯೆನ್ನಾ, ಹಂಗೇರಿಯವರಿಗೆ ಬೇಚ್. ಇದರಿಂದ ಆ ನಗರಗಳ ಮಾನವು ಕುಂದಿತೆ? ಪರರು ತಮ್ಮ ನಾಲಗೆಗೆ ಒಗ್ಗಿದಂತೆ ನುಡಿಯುವರು. ನಾವಾದರೋ ಸ್ವಂತವಾಗಿ ಹೆಸರಿಡದೆ, ಅಲ್ಲಿಯವರನ್ನೂ ಕೇಳದೆ, ಇಂಗ್ಲಿಷರ ಫ್ಲಾರೆನ್ಸನ್ನೇ ಎಂಜಲೆಂದು ನೋಡದೆ ಎತ್ತಿಕೊಂಡೆವು!

ಗಿಣಿಗೇರೆಯ ನೆರೆಯ ಕೊಪ್ಪಳವನ್ನೇ ನೋಡಿರಿ. ತಿರುಳ್ಗನ್ನಡದ ಸೀಮೆಯನ್ನು ಹೇಳುವಾಗ ಕವಿರಾಜಮಾರ್ಗವು ಎಣಿಸಿದ ಕೊಪಣನಗರವಿದು. ಆ 12ರಲ್ಲಿ ಇದು ಸೇರಲಿಲ್ಲ. ಇಂಗ್ಲಿಷಿನಲ್ಲಿ ಇದರ ಅಂತ್ಯದ ಅಕಾರವೂ ಲೋಪವಾಗಿದೆ. ಇರಲಿ, ಳಕಾರವೇ ಇಲ್ಲದ ಭಾಷೆಯನ್ನು ದೂರಿ ಫಲವೇನು? ಆದರೆ ಕನ್ನಡ ವಾಕ್ಯದ ನಡುವೆ, ಕನ್ನಡಿಗರ ಬಾಯಿಂದಲೇ 'ಕೊಪ್ಪಲ್', 'ಹಾಸ್ಪೆಟ್' ಎಂದು ಹೊರಡುವುದಲ್ಲ, ಅದಕ್ಕೇನೆನ್ನೋಣ? 'ಹಾಸ್ಪೆಟ್' ಎಂಬಲ್ಲಿ ಹೊಸದೂ ಇಲ್ಲ, ಪೇಟೆಯೂ ಇಲ್ಲ. ಸುಶಿಕ್ಷಿತರಾದ ಗೃಹಸ್ಥರೇ ಮಕ್ಕಳೆದುರಿಗೆ ಹೀಗೆ ನುಡಿಯುವುದನ್ನು ನಾನು ನಿತ್ಯವೂ ಕೇಳುತ್ತಿದ್ದೇನೆ. ಇಂಥವರಿಗೆ ಸರಕಾರದ ಆಜ್ಞೆಯು ಏನು ಮಾಡೀತು?