ಸರ್ಟಿಫಿಕೇಟ್‌ನಲ್ಲಿ ಯಾರ ಹೆಸರಿರುತ್ತದೆ?

ನಿಮ್ಮ ಮಗಳು ಬಿ.ಕಾಂ. ಮುಗಿಸಿದ್ದಾಳೆ. ಒಳ್ಳೆಯ ಅಂಕಗಳೂ ಬಂದಿವೆ. ಎಂಬಿಎ ಮಾಡಬೇಕೆಂಬುದು ಅವಳ ಆಸೆ. ಅಷ್ಟರಲ್ಲಿ ಪೇಟೆಯ ಹೋಟೆಲೊಂದರಲ್ಲಿ ನಡೆದ ಶಿಕ್ಷಣ ಮೇಳದಿಂದ ಬಣ್ಣಬಣ್ಣದ ಪುಸ್ತಿಕೆಯೊಂದನ್ನು ತಂದಿದ್ದಾಳೆ. ಇಲ್ಲಿ ಒಂದು ವರ್ಷ, ವಿದೇಶದಲ್ಲಿ ಒಂದು ವರ್ಷ, ಕೊನೆಗೆ 'ಜಂಟಿ ಎಂಬಿಎ ಪದವಿ'. ಈ ವಾರವೇ ಮುಂಗಡ ಕಟ್ಟಿದರೆ ಶುಲ್ಕದಲ್ಲಿ ರಿಯಾಯಿತಿಯಂತೆ. ಕೊಲ್ಲಿಯಲ್ಲಿ ದುಡಿಯುವ ತಂದೆ ಫೋನಿನಲ್ಲಿ 'ಅವಳ ಇಷ್ಟದಂತೆ ಆಗಲಿ' ಎನ್ನುತ್ತಾರೆ. ತಾಯಿಯ ಕಣ್ಣು ಮದುವೆಗೆಂದು ತೆಗೆದಿಟ್ಟ ಚಿನ್ನದತ್ತ ಹೊರಳುತ್ತದೆ.

ಹೆಣ್ಣು ಮಕ್ಕಳ ಓದಿಗಾಗಿ ಚಿನ್ನ ಮಾರಲೂ ಸಿದ್ಧರಾಗುವ ತಾಯಂದಿರು ನಮ್ಮ ನಡುವೆ ಇದ್ದಾರೆಂಬುದು ಸಂತೋಷದ ವಿಷಯ. ಆದರೆ ಆ ಚಿನ್ನ ಪೆಟ್ಟಿಗೆಯಿಂದ ಹೊರಬರುವ ಮೊದಲು ಒಂದು ಪ್ರಶ್ನೆ ಕೇಳಿ: ಕೊನೆಗೆ ಕೈಗೆ ಬರುವ ಸರ್ಟಿಫಿಕೇಟ್‌ನಲ್ಲಿ ಯಾವ ವಿಶ್ವವಿದ್ಯಾನಿಲಯದ ಹೆಸರಿರುತ್ತದೆ?

ಭಾರತದ ಮತ್ತು ವಿದೇಶದ ವಿಶ್ವವಿದ್ಯಾನಿಲಯಗಳು ಕೂಡಿ ನಡೆಸುವ ಕೋರ್ಸುಗಳಿಗೆ ಯುಜಿಸಿ 2022ರ ಮೇ ತಿಂಗಳಲ್ಲಿ ಹೊಸ ನಿಯಮಗಳನ್ನು ಜಾರಿಗೆ ತಂದಿತು. ಅದರಲ್ಲಿ ಮೂರು ಬಗೆಗಳಿವೆ.

ಮೊದಲನೆಯದು ಟ್ವಿನ್ನಿಂಗ್. ಓದಿನ ಒಂದು ಪಾಲನ್ನು ವಿದೇಶದಲ್ಲಿ ಓದಬಹುದು, ಆದರೆ ಅದು ಒಟ್ಟು ಕ್ರೆಡಿಟ್‌ಗಳ ಶೇ. 30ನ್ನು ಮೀರುವಂತಿಲ್ಲ. ಪದವಿ ಕೊಡುವುದು ಭಾರತದ ಸಂಸ್ಥೆ ಮಾತ್ರ. ಎರಡನೆಯದು ಜಂಟಿ ಪದವಿ. ಎರಡೂ ಸಂಸ್ಥೆಗಳಲ್ಲಿ ಕನಿಷ್ಠ ಶೇ. 30ರಷ್ಟು ಕ್ರೆಡಿಟ್ ಗಳಿಸಬೇಕು. ಎರಡೂ ಸಂಸ್ಥೆಗಳ ಲಾಂಛನವಿರುವ ಒಂದೇ ಸರ್ಟಿಫಿಕೇಟ್ ಸಿಗುತ್ತದೆ. ಮೂರನೆಯದು ದ್ವಿಪದವಿ. ಒಂದೇ ವಿಷಯದ ಓದಿಗೆ ಎರಡು ಸಂಸ್ಥೆಗಳೂ ಬೇರೆ ಬೇರೆ ಸರ್ಟಿಫಿಕೇಟ್ ಕೊಡುತ್ತವೆ. ಇದರಲ್ಲೂ ಭಾರತದ ಸಂಸ್ಥೆಯಲ್ಲಿ ಕನಿಷ್ಠ ಶೇ. 30ರಷ್ಟು ಕ್ರೆಡಿಟ್ ಗಳಿಸಿರಬೇಕು.

ಈ ನಿಯಮಗಳಂತೆ ಪಡೆದ ಪದವಿಗೆ ಒಂದು ದೊಡ್ಡ ಅನುಕೂಲವಿದೆ. ಅದು ಭಾರತದ ಪದವಿಗೆ ಸಮಾನ. ಮುಂದೆ ಸರಕಾರಿ ಕೆಲಸಕ್ಕೋ ಪಿಎಚ್‌ಡಿಗೋ ಅರ್ಜಿ ಹಾಕುವಾಗ ಪ್ರತ್ಯೇಕ ಸಮಾನತೆಯ ಪ್ರಮಾಣಪತ್ರಕ್ಕಾಗಿ ಅಲೆಯಬೇಕಾಗಿಲ್ಲ.

ಹಾಗೆಂದು ಎಲ್ಲ ಕಾಲೇಜುಗಳೂ ಇಂಥ ಕೋರ್ಸು ತೆರೆಯುವಂತಿಲ್ಲ. ನಿಯಮ ಬಂದಾಗ ಹೇಳಿದಂತೆ, ಭಾರತದ ಸಂಸ್ಥೆಗೆ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕವಿರಬೇಕು, ಅಥವಾ ಎನ್‌ಐಆರ್‌ಎಫ್‌ನ ವಿಶ್ವವಿದ್ಯಾನಿಲಯಗಳ ಪಟ್ಟಿಯಲ್ಲಿ ಅದು ಮೊದಲ 100ರೊಳಗಿರಬೇಕು, ಇಲ್ಲವೇ ಶ್ರೇಷ್ಠ ಸಂಸ್ಥೆಯೆಂದು ಕೇಂದ್ರ ಸರಕಾರ ಗುರುತಿಸಿರಬೇಕು. ವಿದೇಶದ ಸಂಸ್ಥೆ ಟೈಮ್ಸ್ ಅಥವಾ ಕ್ಯೂಎಸ್ ಜಾಗತಿಕ ಪಟ್ಟಿಯ ಮೊದಲ 1000ದೊಳಗಿರಬೇಕು. ಉಳಿದವರು ಯುಜಿಸಿಯ ಅನುಮತಿ ಪಡೆಯಬೇಕು.

ಇನ್ನೊಂದು ವಿಷಯವನ್ನು ಗಟ್ಟಿಯಾಗಿ ನೆನಪಿಡಿ. ಫ್ರಾಂಚೈಸಿ ಏರ್ಪಾಡಿಗೆ, ಅಂದರೆ ಹೆಸರು ವಿದೇಶದ್ದು, ಪಾಠ ಮಾತ್ರ ನಮ್ಮೂರಿನ ಬಾಡಿಗೆ ಕಟ್ಟಡದಲ್ಲಿ ಎನ್ನುವಂತಹ ವ್ಯವಸ್ಥೆಗೆ, ಈ ನಿಯಮಗಳಲ್ಲಿ ಅವಕಾಶವಿಲ್ಲ. ಆನ್‌ಲೈನ್ ಮತ್ತು ದೂರಶಿಕ್ಷಣದ ಕೋರ್ಸುಗಳೂ ಇದರ ವ್ಯಾಪ್ತಿಗೆ ಬರುವುದಿಲ್ಲ. ವಿದೇಶಿ ಸಂಸ್ಥೆಗಳ ಹೆಸರಿನಲ್ಲಿ ಪದವಿ ಕೊಡುವುದಾಗಿ ಜಾಹೀರಾತು ನೀಡುವ ಕೆಲವು ಕಾಲೇಜು ಮತ್ತು ಎಡ್‌ಟೆಕ್ ಕಂಪೆನಿಗಳ ಬಗ್ಗೆ ಯುಜಿಸಿ 2023ರ ಡಿಸೆಂಬರ್‌ನಲ್ಲಿ ಬಹಿರಂಗ ಎಚ್ಚರಿಕೆಯನ್ನೇ ನೀಡಿತ್ತು.

ಹಾಗಾದರೆ ಏನು ಮಾಡಬೇಕು? ಏಜೆಂಟರ ಮಾತನ್ನು ಅಲ್ಲಿಗೇ ಬಿಡಿ. ಎರಡೂ ವಿಶ್ವವಿದ್ಯಾನಿಲಯಗಳಿಗೆ ನೇರವಾಗಿ ಇಮೇಲ್ ಬರೆದು ಕೇಳಿ: ಇಂಥ ಕೋರ್ಸ್ ನಿಮ್ಮದೇ? ಒಪ್ಪಂದ ಯಾವ ವರ್ಷದವರೆಗೆ ಇದೆ? ಇದು ಮೂರರಲ್ಲಿ ಯಾವ ಬಗೆ? ವೀಸಾ ಸಿಗದಿದ್ದರೆ ಅಥವಾ ಅನಾರೋಗ್ಯದಿಂದ ಅರ್ಧಕ್ಕೆ ನಿಲ್ಲಿಸಬೇಕಾಗಿ ಬಂದರೆ ಅದುವರೆಗಿನ ಕ್ರೆಡಿಟ್‌ಗಳ ಗತಿಯೇನು? ಶುಲ್ಕ ವಾಪಸಾಗುತ್ತದೆಯೇ? ಉತ್ತರ ಬರಹದಲ್ಲಿ ಬರಲಿ. ಉತ್ತರವೇ ಬರದಿದ್ದರೆ ಅದೂ ಒಂದು ಉತ್ತರವೇ.

ವಿದೇಶದಲ್ಲೇ ಪೂರ್ತಿ ಓದಲು ಧೈರ್ಯವಿರುವ ಮಕ್ಕಳಿಗೆ ಇನ್ನೊಂದು ಬಾಗಿಲಿದೆ. ಯುರೋಪಿಯನ್ ಒಕ್ಕೂಟ 2004ರಲ್ಲಿ ಆರಂಭಿಸಿದ ಎರಾಸ್ಮಸ್ ಮುಂಡಸ್ ಯೋಜನೆಯ ಜಂಟಿ ಮಾಸ್ಟರ್ಸ್ ಕೋರ್ಸುಗಳು ಜಗತ್ತಿನ ಎಲ್ಲ ದೇಶಗಳ ವಿದ್ಯಾರ್ಥಿಗಳಿಗೂ ತೆರೆದಿವೆ. ಕನಿಷ್ಠ ಮೂರು ದೇಶಗಳ ಸಂಸ್ಥೆಗಳು ಸೇರಿ ಒಂದು ಕೋರ್ಸನ್ನು ನಡೆಸುತ್ತವೆ. ವಿದ್ಯಾರ್ಥಿ ಕನಿಷ್ಠ ಎರಡು ದೇಶಗಳಲ್ಲಿ ಓದಬೇಕು. ವ್ಯಾಪಾರ ಮತ್ತು ಮಾರುಕಟ್ಟೆಯ ಚರಿತ್ರೆಗೆ ಸಂಬಂಧಿಸಿದಂತೆ ಗ್ಲಾಸ್ಗೊ, ಬಾರ್ಸಿಲೋನಾ, ಗಾಟಿಂಗೆನ್ ಮುಂತಾದ ವಿಶ್ವವಿದ್ಯಾನಿಲಯಗಳು ರೂಪಿಸಿದ 'ಗ್ಲೋಕಲ್' ಇಂಥದ್ದೊಂದು ಕೋರ್ಸ್. ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದವರಿಗೆ ಬೋಧನಾ ಶುಲ್ಕವಿಲ್ಲ. 2021ರಿಂದ 2027ರ ಅವಧಿಯ ಯೋಜನೆಯಲ್ಲಿ ತಿಂಗಳಿಗೆ 1400 ಯೂರೋ ದೊರೆಯುತ್ತದೆ. ಪ್ರಯಾಣ, ವೀಸಾ, ವಾಸ, ಊಟ ಎಲ್ಲವನ್ನೂ ಅದರಲ್ಲೇ ಹೊಂದಿಸಿಕೊಳ್ಳಬೇಕು. ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಜನವರಿಯೊಳಗೆ ಅರ್ಜಿ ಕರೆಯುತ್ತಾರೆ. ಆದ್ದರಿಂದ ಅಂತಿಮ ವರ್ಷದ ಪದವಿಯಲ್ಲಿರುವಾಗಲೇ ತಯಾರಿ ಶುರುವಾಗಬೇಕು. ವಿದೇಶದಲ್ಲೇ ಪಡೆದ ಪದವಿಗೆ ಊರಿಗೆ ಬಂದ ಮೇಲೆ ಸಮಾನತೆಯ ಪ್ರಮಾಣಪತ್ರ ಬೇಕಾದೀತು. ಅದಕ್ಕೆ ಯುಜಿಸಿ 2025ರಲ್ಲಿ ಪ್ರತ್ಯೇಕ ನಿಯಮ ಮಾಡಿದೆ.

ಕೊನೆಗೆ ಹಣದ ಮಾತು. ಬಡ್ಡಿಯ ಸಾಲಕ್ಕೆ ಕೈ ಹಾಕಲು ನಮ್ಮಲ್ಲಿ ಅನೇಕರಿಗೆ ಮನಸ್ಸಾಗದು. ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿಯ ಹೊರೆ ಇಳಿಸುತ್ತಿದ್ದ ಕೇಂದ್ರದ 'ಪಢೋ ಪರದೇಶ್' ಯೋಜನೆ 2022-23ರಿಂದ ನಿಂತುಹೋಗಿದೆ. ಹಳೆಯ ಪುಸ್ತಿಕೆಗಳಲ್ಲಿ ಇನ್ನೂ ಅದರ ಹೆಸರು ಕಂಡರೆ ನಂಬಬೇಡಿ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಜಿಲ್ಲಾ ಕಚೇರಿಯಲ್ಲಿ ಆಯಾ ವರ್ಷದ ಯೋಜನೆಗಳನ್ನೂ ಷರತ್ತುಗಳನ್ನೂ ವಿಚಾರಿಸಿ. ಅರ್ಜಿಯ ದಿನ ಮುಗಿದ ಮೇಲೆ ಹೋಗಿ ಗುಮಾಸ್ತರ ಮೇಲೆ ಸಿಟ್ಟಾದರೆ ಫಲವಿಲ್ಲ.

ಆರು ತಿಂಗಳಿಗೊಮ್ಮೆ ದೇಶ ಬದಲಿಸುವುದು, ಪ್ರತಿ ಬಾರಿ ಹೊಸ ಕೋಣೆ ಹುಡುಕುವುದು, ಹೊಸ ಭಾಷೆಯ ನಡುವೆ ಒಬ್ಬಳೇ ಅಡುಗೆ ಮಾಡಿಕೊಂಡು ಓದುವುದು ಸುಲಭವಲ್ಲ. ಈ ಮಾತನ್ನೂ ಮಗಳೊಡನೆ ಕುಳಿತು ಆಡಿ. ಹೆದರಿಸಲಿಕ್ಕಲ್ಲ, ಅವಳು ತಿಳಿದು ಹೊರಡಲಿ ಎಂದು. ಎಲ್ಲವನ್ನೂ ವಿಚಾರಿಸಿ ನೋಡಿ ಅವಳು 'ಹೋಗುತ್ತೇನೆ' ಎಂದರೆ ಧೈರ್ಯವಾಗಿ ಕಳುಹಿಸಿ. ಆದರೆ ಈ ವಾರದ ರಿಯಾಯಿತಿಗೆ ಮರುಳಾಗಿ ಹೊರಡುವುದು ಬೇಡ. ಒಳ್ಳೆಯ ವಿಶ್ವವಿದ್ಯಾನಿಲಯ ಮುಂದಿನ ವರ್ಷವೂ ಅಲ್ಲೇ ಇರುತ್ತದೆ. ಮಾರಿದ ಚಿನ್ನ ಮಾತ್ರ ಅದೇ ಬೆಲೆಗೆ ಮರಳಿ ಸಿಗುವುದಿಲ್ಲ.