ನೂರು ಬಾರಿ ಹೊಡೆಯುವ ಗಂಟೆ

ಮಗಳಿಗೆ ಇಟಲಿಯ ಬೆರ್ಗಮೊ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿತು. ಹಾಸ್ಟೆಲ್ ಕೋಣೆ ಕೈಗೆ ಬರಲು ಇನ್ನೂ ನಾಲ್ಕು ದಿನವಿತ್ತು. ಅವಳನ್ನು ಬಿಟ್ಟುಬರಲು ಹೋಗಿದ್ದ ನಾನು ಆ ನಾಲ್ಕು ದಿನ ಅವಳೊಂದಿಗೆ ತಂಗಿದ್ದು, ಒಂದೇ ಕುಟುಂಬದವರು ನಡೆಸುವ ಸಣ್ಣದೊಂದು ಹೋಟೆಲಿನಲ್ಲಿ. ಮಕ್ಕಳನ್ನು ದೂರದೇಶಕ್ಕೆ ಕಳಿಸುವ ತಂದೆತಾಯಿಗಳಿಗೂ, ಹೊರಟು ನಿಂತ ಮಕ್ಕಳಿಗೂ ಉಪಯೋಗವಾದೀತೆಂದು ಅಲ್ಲಿಯ ನಾಲ್ಕು ಮಾತು ಬರೆಯುತ್ತಿದ್ದೇನೆ.

ಬೆರ್ಗಮೊ ಮಿಲಾನಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಹೆಸರು ಒಂದೇ ಆದರೂ ಊರು ಎರಡು. ಬೆಟ್ಟದ ಮೇಲೆ ಹಳೆಯ ಊರು, ಕೆಳಗೆ ಹೊಸ ಊರು. ಹಳೆಯ ಊರಿನ ಸುತ್ತ ಐದು ಕಿಲೋಮೀಟರಿಗೂ ಮಿಕ್ಕಿದ ಕಲ್ಲಿನ ಕೋಟೆಗೋಡೆ, ಅದಕ್ಕೆ ನಾಲ್ಕು ಹೆಬ್ಬಾಗಿಲು. ವೆನಿಸ್ಸಿನವರು ಆಳುತ್ತಿದ್ದಾಗ, 1561ರಲ್ಲಿ, ಇನ್ನೂರಕ್ಕೂ ಹೆಚ್ಚು ಕಟ್ಟಡಗಳನ್ನು ಕೆಡವಿ ಇದನ್ನು ಕಟ್ಟಲು ತೊಡಗಿದರು. 2017ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಕೆಳಗಿನಿಂದ ಮೇಲಕ್ಕೆ ಹೋಗಲು ಹಗ್ಗ ಎಳೆಯುವ ಪುಟ್ಟ ರೈಲು ಇದೆ. ಅದು ಓಡಾಡಲು ಶುರುವಾದದ್ದು 1887ರಲ್ಲಿ. ನಮ್ಮ ಹೋಟೆಲು ಬೆಟ್ಟದ ಬುಡದಲ್ಲಿ, ಆ ರೈಲಿನ ನಿಲ್ದಾಣಕ್ಕೆ ಹತ್ತಿರದಲ್ಲೇ ಇತ್ತು.

ಹೋಟೆಲೆಂದರೆ ದೊಡ್ಡ ಕಲ್ಪನೆ ಬೇಡ. ಗಂಡ ಲೆಕ್ಕ ನೋಡುತ್ತಾನೆ, ಹೆಂಡತಿ ಕೋಣೆ ಗುಡಿಸಿ ಹಾಸಿಗೆ ಹಾಸುತ್ತಾಳೆ. ಹದಿಮೂರು ವರ್ಷದ ಮಗ ಸಂಜೆ ಕೌಂಟರಿನ ಮೂಲೆಯಲ್ಲಿ ಕೂತು ಹೋಂವರ್ಕ್ ಮಾಡುತ್ತಾನೆ. ಬೆಳಿಗ್ಗೆ ಕಾಫಿ, ಬ್ರೆಡ್ಡು, ಜಾಮು ತಂದಿಡುವುದು ಅಜ್ಜಿ. ಆ ಮನೆಯಲ್ಲಿ ಇಂಗ್ಲಿಷ್ ಬರುವುದು ಹುಡುಗನಿಗೆ ಮಾತ್ರ. ನಾವು ಸಸ್ಯಾಹಾರಿಗಳೆಂದು ಅವನು ತಿಳಿಸಿದ ಮೇಲೆ ಅಜ್ಜಿ ಒಂದು ರಾತ್ರಿ ತಮಗಾಗಿ ಮಾಡಿದ ಪೊಲೆಂಟಾವನ್ನೇ ನಮಗೂ ಬಡಿಸಿದರು. ಅದು ಮೆಕ್ಕೆಜೋಳದ ಹಿಟ್ಟಿನದು, ನಮ್ಮ ಮುದ್ದೆಗೆ ಹತ್ತಿರದ ನೆಂಟ.

ಹೋದ ಮೊದಲ ದಿನ ಮಾಡಿದ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಪಾಸ್‌ಪೋರ್ಟ್ ಕೊಡಿ ಎಂದಾಗ ನಾನು ಹಿಂದೆಮುಂದೆ ನೋಡಿದೆ. ಅಲ್ಲಿ ತಂಗುವವರ ವಿವರವನ್ನು ಹೋಟೆಲಿನವರು ಪೊಲೀಸರಿಗೆ ತಿಳಿಸಲೇಬೇಕೆಂಬುದು ಕಾನೂನು. ಬಿಲ್ಲಿನಲ್ಲಿ ಬಾಡಿಗೆಯಲ್ಲದೆ ತಲೆಗಿಷ್ಟು, ರಾತ್ರಿಗಿಷ್ಟು ಎಂದು ನಗರದ ತೆರಿಗೆ ಬೇರೆ ಇರುತ್ತದೆ. ಅದಕ್ಕೂ ನಾನು ಮುಖ ಗಂಟಿಕ್ಕಿದ್ದೆ. ಮೂರನೆಯದು ನಗೆಪಾಟಲಿನದು. ಬಚ್ಚಲಿನಲ್ಲಿ ಒಂದು ದಾರ ಇಳಿಬಿದ್ದಿತ್ತು. ದೀಪದ್ದಿರಬೇಕೆಂದು ಎಳೆದೆ. ಅರೆನಿಮಿಷದಲ್ಲಿ ಇಡೀ ಮನೆಯೇ ನಮ್ಮ ಬಾಗಿಲಲ್ಲಿತ್ತು! ಯಾರಾದರೂ ಜಾರಿ ಬಿದ್ದರೆ ಎಳೆಯಲೆಂದು ಇಟ್ಟ ಅಪಾಯದ ಗಂಟೆಯಂತೆ ಅದು. ಮಗಳು ಎರಡು ದಿನ ನಕ್ಕಳು.

ಮರುದಿನ ಮೇಲಿನ ಊರಿಗೆ ಹೋದೆವು. ಕೋಟೆಯ ಹೊರಗಿನ ಒಂದು ಬೀದಿಯಲ್ಲಿ ಸಂಗೀತಗಾರ ದೊನಿಜೆಟ್ಟಿ 1797ರಲ್ಲಿ ಹುಟ್ಟಿದ ಮನೆ ಇದೆ. ಬಡವರ ಮನೆ, ಮೆಟ್ಟಿಲಿಳಿದು ಹೋಗಬೇಕಾದ ಕತ್ತಲ ಕೋಣೆಗಳು. ಬವೇರಿಯಾದಿಂದ ಬಂದು ಇಲ್ಲೇ ನೆಲೆಸಿದ್ದ ಮಾಯರ್ ಎಂಬ ಸಂಗೀತಗಾರ ಬಡಮಕ್ಕಳಿಗಾಗಿ ಪುಕ್ಕಟೆ ಶಾಲೆಯೊಂದನ್ನು ನಡೆಸುತ್ತಿದ್ದ. 1806ರಲ್ಲಿ ದೊನಿಜೆಟ್ಟಿ ಅಲ್ಲಿ ಸೇರಿದ. ಹುಡುಗನಿಗೆ ಹದಿನೆಂಟು ತುಂಬುವ ಮೊದಲೇ, 1815ರಲ್ಲಿ, ಅದೇ ಗುರು ಖರ್ಚಿಗೆ ಏರ್ಪಾಟು ಮಾಡಿ ಹೆಚ್ಚಿನ ಓದಿಗೆ ಬೊಲೋನಾಕ್ಕೆ ಕಳಿಸಿದ. ಮುಂದೆ ಅವನು ಅರವತ್ತಕ್ಕೂ ಹೆಚ್ಚು ಸಂಗೀತ ನಾಟಕಗಳನ್ನು ರಚಿಸಿದ. ಗುರುಶಿಷ್ಯರಿಬ್ಬರ ಸಮಾಧಿಯೂ ಮೇಲಿನ ಊರಿನ ಸಾಂತಾ ಮರಿಯಾ ಮಜ್ಜೊರೆ ಇಗರ್ಜಿಯಲ್ಲಿದೆ. ಕಳಿಸಿಕೊಡುವವರಿದ್ದರೆ ಮಾತ್ರ ಹೋಗುವವರು ಹೋಗಿಯಾರು ಎಂದುಕೊಂಡೆ. ಅಂದುಕೊಳ್ಳುವುದು ಸುಲಭ, ಅಂದು ರಾತ್ರಿಯೇ ನನ್ನ ಪರೀಕ್ಷೆಯಾಯಿತು.

ಸಂಜೆ ಮಗಳು ಹೊಸ ಸಹಪಾಠಿಗಳಿಬ್ಬರ ಜೊತೆ ಮತ್ತೆ ಮೇಲಿನ ಊರಿಗೆ ಹೊರಟಳು. ಒಂಬತ್ತಕ್ಕೆ ಬರುತ್ತೇನೆಂದಳು. ಒಂಬತ್ತಾಯಿತು, ಒಂಬತ್ತೂವರೆಯಾಯಿತು. ಅವಳ ಫೋನಿಗೆ ಅಲ್ಲಿಯ ಸಿಮ್ ಇನ್ನೂ ಹಾಕಿಸಿರಲಿಲ್ಲ. ನಾನು ಕೌಂಟರಿನ ಎದುರು ಕೂತೆ. ಅಜ್ಜಿ ಹೆಣಿಗೆ ಹಾಕುತ್ತಿದ್ದರು, ಹುಡುಗ ಲೆಕ್ಕ ಬಿಡಿಸುತ್ತಿದ್ದ. ಹತ್ತು ಗಂಟೆಗೆ ಬೆಟ್ಟದ ಮೇಲಿಂದ ಗಂಟೆ ಬಾರಿಸತೊಡಗಿತು. ಹತ್ತಾಯಿತು, ಇಪ್ಪತ್ತಾಯಿತು, ನಿಲ್ಲಲೇ ಇಲ್ಲ. ಏನೋ ಅನಾಹುತವಾಗಿದೆಯೆಂದು ಎದ್ದು ನಿಂತೆ.

ಹುಡುಗ ಹೇಳಿದ: "ಅದು ಕಂಪನೋನೆ, ಹಳೆ ಚೌಕದ ಗೋಪುರದ ಗಂಟೆ. ದಿನಾ ರಾತ್ರಿ ಹತ್ತಕ್ಕೆ ನೂರು ಸಲ ಹೊಡೆಯುತ್ತದೆ. ಹಿಂದೆ ಕೋಟೆ ಬಾಗಿಲು ಹಾಕುವ ಹೊತ್ತಿಗೆ ಹೀಗೆ ಬಾರಿಸುತ್ತಿದ್ದರು. ಈಗ ಯಾವ ಬಾಗಿಲೂ ಹಾಕುವುದಿಲ್ಲ, ಗಂಟೆ ಮಾತ್ರ ಉಳಿದಿದೆ."

ಅಜ್ಜಿ ಹೆಣಿಗೆಯಿಂದ ತಲೆಯೆತ್ತದೆ ಏನೋ ಅಂದರು. ಹುಡುಗ ನಕ್ಕು ತಿಳಿಸಿದ: "ಬೀದಿ ಬಾಗಿಲ ಕೀಲಿಕೈ ನಿಮ್ಮ ಮಗಳ ಹತ್ತಿರವೇ ಇದೆಯಂತೆ. ಮಧ್ಯಾಹ್ನ ಅಜ್ಜಿಯೇ ಕೊಟ್ಟರಂತೆ. ನೀವು ಹೋಗಿ ಮಲಗಬಹುದು ಅಂತಾರೆ."

ನಾನು ಮಲಗಲಿಲ್ಲ. ಹತ್ತೂಕಾಲು ದಾಟಿದ ಮೇಲೆ ಬಾಗಿಲಲ್ಲಿ ಕೀಲಿಕೈ ತಿರುಗಿದ ಸದ್ದಾಯಿತು. ಬೈಯಬೇಕೆಂದು ಬಾಯಿ ತೆರೆದೆ.

"ಅಪ್ಪಾ, ಗೋಪುರದ ಕೆಳಗೇ ನಿಂತು ಪೂರ್ತಿ ಎಣಿಸಿದೆ. ಸರಿಯಾಗಿ ನೂರು!" ಅಂದಳು.

ನನ್ನ ಲೆಕ್ಕದಲ್ಲಿ ತೊಂಬತ್ತಾರು ಬಂದಿತ್ತು. ಅದನ್ನೇ ಹೇಳಿದೆ. ಬೈಗುಳ ಅಲ್ಲೇ ಉಳಿಯಿತು.

ನಾಲ್ಕನೆಯ ದಿನ ಅವಳನ್ನು ಹಾಸ್ಟೆಲಿಗೆ ಸೇರಿಸಿದೆ. ಪ್ರತಿ ರಾತ್ರಿ ಆ ಗಂಟೆ ಮುಗಿದೊಡನೆ ನನಗೆ ಫೋನ್ ಮಾಡತಕ್ಕದ್ದೆಂದು ಅಪ್ಪಣೆ ಮಾಡಬೇಕೆಂದಿದ್ದೆ. ಅಲ್ಲಿ ಹತ್ತು ಹೊಡೆದಾಗ ನಮ್ಮಲ್ಲಿ ಬೇಸಿಗೆಯಲ್ಲಿ ರಾತ್ರಿ ಒಂದೂವರೆ, ಚಳಿಗಾಲದಲ್ಲಿ ಎರಡೂವರೆ. ಆ ಹೊತ್ತಿನಲ್ಲಿ ಕಾದು ಕೂರುವ ನಾನು ಅವಳಿಗೆ ಯಾವ ಕಾವಲು? ಅಪ್ಪಣೆ ಹೊರಡಿಸಲಿಲ್ಲ. ಈಗ ಭಾನುವಾರ ಮಧ್ಯಾಹ್ನ ಅವಳೇ ಫೋನ್ ಮಾಡುತ್ತಾಳೆ. ಹೋಟೆಲಿನ ಅಜ್ಜಿಯನ್ನು ಆಗಾಗ ಹೋಗಿ ನೋಡಿಬರುತ್ತಾಳಂತೆ.